ನಾಡಿನ ತುದಿ, ಊರಿನ ಎಲ್ಲೆ: ತುಮಕೂರು ಸೀಮೆಯ ಗಡಿಕಲ್ಪನೆಯ ಜಾನಪದೀಯ ವಿವೇಚನೆ

ಒಂದು ನಾಡಿನ ವಿಸ್ತಾರವನ್ನು ಎರಡು ಬಗೆಯಲ್ಲಿ ಹೇಳುವುದು ರೂಢಿಯಲ್ಲಿದೆ. ಮೊದಲನೆಯದು ಅದರ ನಾಲ್ಕು ದಿಕ್ಕಿನ ತುದಿಗಳನ್ನು ಅಳತೆಯಿಂದ ನಿರ್ದೇಶಿಸುವ ಕ್ರಮ. ಕರ್ನಾಟಕವು ಉತ್ತರ ಅಕ್ಷಾಂಶ 11°31' ರಿಂದ 18°45' ವರೆಗೆ, ಪೂರ್ವ ರೇಖಾಂಶ 74°12' ರಿಂದ 78°40' ವರೆಗೆ ಹರಡಿದೆಯೆಂದು ಶಾಲಾ ಪಠ್ಯಗಳು ತಿಳಿಸುತ್ತವೆ. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕು ಬಡಗಣ ತುದಿ, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕು ತೆಂಕಣ ತುದಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕು ಮೂಡಣ ತುದಿ, ಉತ್ತರ ಕನ್ನಡ ಜಿಲ್ಲೆಯ ಕಾರವಾರ ಪಡುವಣ ತುದಿ. ಉತ್ತರ ದಕ್ಷಿಣವಾಗಿ ಸುಮಾರು 750 ಕಿ.ಮೀ., ಪೂರ್ವ ಪಶ್ಚಿಮವಾಗಿ ಸುಮಾರು 400 ಕಿ.ಮೀ., ಒಟ್ಟು 1,91,791 ಚದರ ಕಿ.ಮೀ. ಎಂಬ ಲೆಕ್ಕ ಈ ಕ್ರಮಕ್ಕೆ ಸೇರಿದ್ದು. ಎರಡನೆಯದು ಕಣ್ಣಿಗೆ ಕಾಣುವ, ನೆನಪಿನಲ್ಲಿ ಉಳಿಯುವ ಗುರುತುಗಳಿಂದ ನೆಲವನ್ನು ಹೇಳುವ ಕ್ರಮ. ಹೊಳೆ, ಬೆಟ್ಟ, ಮರ, ಕಲ್ಲು, ದೇವರ ಗುಡಿ ಇಲ್ಲಿ ಎಲ್ಲೆಯಾಗುತ್ತವೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡನ್ನು ವಿವರಿಸುವುದು ಈ ಎರಡನೆಯ ಕ್ರಮದಲ್ಲಿ. ಅದು ಕಾವೇರಿ ಮತ್ತು ಗೋದಾವರಿ ಎಂಬ ಎರಡು ನದಿಗಳನ್ನು ನಾಡಿನ ಮೇರೆಯಾಗಿ ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳಾಗಿ ಗುರುತಿಸುತ್ತದೆ. ತುದಿಯನ್ನು ಹೇಳಿದ ಮೇಲೆ ತಿರುಳನ್ನೂ ಹೇಳಬೇಕೆಂಬ ಈ ದೃಷ್ಟಿ ಗಮನಾರ್ಹವಾದುದು. ಎಲ್ಲೆಯೆಂಬುದು ತಾನೇ ತಾನಾಗಿ ನಿಲ್ಲುವುದಿಲ್ಲ; ನಡುವೆ ಇರುವುದಕ್ಕೂ ಅಂಚಿನಲ್ಲಿ ಇರುವುದಕ್ಕೂ ನಡುವಣ ಸಂಬಂಧವೇ ಅದನ್ನು ನಿಲ್ಲಿಸುತ್ತದೆ.

ರಾಜ್ಯದ ಎಲ್ಲೆಗಳ ಬಗೆಗೆ ಚರಿತ್ರೆಕಾರರೂ ಆಡಳಿತಜ್ಞರೂ ಸಾಕಷ್ಟು ಬರೆದಿದ್ದಾರೆ. ಊರಿನ ಎಲ್ಲೆಯ ಬಗೆಗೆ ಅಷ್ಟು ಗಮನ ಹರಿದಿಲ್ಲ. ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಪರಿಸರವನ್ನು ಮುಖ್ಯವಾಗಿ ಇಟ್ಟುಕೊಂಡು, ಎಲ್ಲೆಯನ್ನು ಜನಪದರು ಹೇಗೆ ಗುರುತಿಸಿದರು, ಆ ಅರಿವನ್ನು ಯಾರು ಕಾಪಾಡಿಕೊಂಡು ಬಂದರು, ಹಾಗೆ ಕಾಪಾಡಿದವರಿಗೆ ಊರು ಕೊಟ್ಟ ಸ್ಥಾನವೇನು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ನೀರಿನ ಎಲ್ಲೆ, ಆಡಳಿತದ ಎಲ್ಲೆ

ತುಮಕೂರು ಜಿಲ್ಲೆ ರಾಜ್ಯದ ಒಳನಾಡಿನಲ್ಲಿದ್ದರೂ ಎಲ್ಲೆಯ ಅಧ್ಯಯನಕ್ಕೆ ಒಳ್ಳೆಯ ನೆಲೆ. ಹತ್ತು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ನಿಸರ್ಗ ಎಳೆದ ಗೆರೆಯೊಂದು, ಆಡಳಿತ ಎಳೆದ ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತವೆ.

ನಿಸರ್ಗದ ಗೆರೆ ತುಮಕೂರು ನಗರಕ್ಕೆ ಸಮೀಪದ ದೇವರಾಯನದುರ್ಗದ ಬೆಟ್ಟಗಳಲ್ಲಿದೆ. ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಆಂಧ್ರಪ್ರದೇಶದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇದೇ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ದಕ್ಷಿಣಾಭಿಮುಖವಾಗಿ ಹರಿದು, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಹಾದು, ಮಂಡ್ಯ ಜಿಲ್ಲೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಟ್ಟದ ಒಂದು ಮಗ್ಗುಲಿಗೆ ಬಿದ್ದ ಮಳೆ ನೆಲ್ಲೂರಿನ ಕಡೆಗೂ ಮತ್ತೊಂದು ಮಗ್ಗುಲಿಗೆ ಬಿದ್ದ ಮಳೆ ತಮಿಳುನಾಡಿನ ಕಡೆಗೂ ಸಾಗುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರನ್ನೂ ಒಂದು ಸೀಮೆಯಾಗಿ ಕಟ್ಟಿರುವುದು ಶಿಂಷೆಯ ನೀರು ಹಾಗೂ ಅದರ ಕೆರೆಗಳು. ಜನಪದರು ಈ ನೀರಿನ ಮೂಲವನ್ನು ಭೂಗೋಳದ ಮಾತಿನಲ್ಲಿ ಹೇಳದೆ ಕಥೆಯಲ್ಲಿ ಹೇಳುತ್ತಾರೆ. ಬೆಟ್ಟದ ತಪ್ಪಲಿನ ನಾಮದ ಚಿಲುಮೆಯಲ್ಲಿ, ಹಣೆಗೆ ನಾಮವಿಡಲು ನೀರಿಲ್ಲದೆ ಶ್ರೀರಾಮನು ಬಂಡೆಗೆ ಬಾಣ ಹೂಡಿದಾಗ ಚಿಲುಮೆ ಉಕ್ಕಿತೆಂಬ ಐತಿಹ್ಯ ಎಲ್ಲರಿಗೂ ಪರಿಚಿತ. ಎರಡು ನದಿಗಳ ದಾರಿ ಅಗಲುವ ಬೆಟ್ಟದ ಬುಡದಲ್ಲಿ ಇಂತಹ ಕಥೆ ನೆಲೆಸಿರುವುದು ಆಕಸ್ಮಿಕವೆನ್ನುವಂತಿಲ್ಲ.

ಆಡಳಿತದ ಗೆರೆ ಕಾಣುವುದು ಜಿಲ್ಲೆಯ ಈಶಾನ್ಯದಲ್ಲಿ. ಪಾವಗಡ ತಾಲ್ಲೂಕನ್ನು ಮೂರು ಕಡೆಯಿಂದ ಆಂಧ್ರಪ್ರದೇಶ ಸುತ್ತುವರಿದಿದೆ; ಪಶ್ಚಿಮದಲ್ಲಿ ಮಾತ್ರ ಚಿತ್ರದುರ್ಗ ಜಿಲ್ಲೆಯ ಮೂಲಕ ಅದಕ್ಕೆ ಕರ್ನಾಟಕದ ನೆಲದ ಸಂಪರ್ಕ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವವರು ನಡುವೆ ಆಂಧ್ರದ ನೆಲವನ್ನು ಹಾದುಹೋಗುತ್ತಾರೆ. ಇತ್ತ ಮಡಕಶಿರ ಪ್ರದೇಶವು ಕರ್ನಾಟಕದ ತಾಲ್ಲೂಕುಗಳ ನಡುವೆ ಚಾಚಿಕೊಂಡಿದ್ದರೂ ಆಂಧ್ರಕ್ಕೆ ಸೇರಿದೆ. 2022ರಲ್ಲಿ ಅನಂತಪುರ ಜಿಲ್ಲೆ ವಿಭಜನೆಯಾದ ಮೇಲೆ ಅದು ಶ್ರೀ ಸತ್ಯಸಾಯಿ ಜಿಲ್ಲೆಯ ಭಾಗ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಇರುವುದು ಅಲ್ಲಿ. ಕನ್ನಡ ಶಾಸನಗಳ ನೆಲೆಯಾದ ಹೇಮಾವತಿ ಗಡಿಯ ಆಚೆಗೂ, ತೆಲುಗು ಮಾತು ಧಾರಾಳವಾಗಿ ಕೇಳಿಬರುವ ಪಾವಗಡ ಗಡಿಯ ಈಚೆಗೂ ಉಳಿದಿವೆ. ನುಡಿಯ ಎಲ್ಲೆ, ನೀರಿನ ಎಲ್ಲೆ, ಆಡಳಿತದ ಎಲ್ಲೆ ಇವು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಶಾಸನಗಳಲ್ಲಿ, ಪತ್ರಗಳಲ್ಲಿ ಚತುಸ್ಸೀಮೆ

ಊರಿನ ಎಲ್ಲೆಯನ್ನು ಬರಹದಲ್ಲಿ ದಾಖಲಿಸಿದ ಅತಿ ಹಳೆಯ ಆಧಾರಗಳೆಂದರೆ ದಾನಶಾಸನಗಳು. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ರಾಷ್ಟ್ರಕೂಟರ ಮೂರನೆಯ ಗೋವಿಂದನ ಕಾಲದ್ದೆಂದು ಹೇಳಿಕೊಳ್ಳುವ, ಶಕ 735ರ ಕಾಲಸೂಚನೆಯುಳ್ಳ ಕಡಬದ ತಾಮ್ರಶಾಸನ ಗುಬ್ಬಿ ತಾಲ್ಲೂಕಿನಲ್ಲಿ ದೊರೆತುದು. ಜೈನ ಮುನಿಗೆ ಒಂದು ಗ್ರಾಮವನ್ನು ದತ್ತಿ ಬಿಟ್ಟ ವಿಷಯ ಅದರಲ್ಲಿದೆ.

ದಾನಶಾಸನಗಳಲ್ಲಿ ಚತುಸ್ಸೀಮೆಯನ್ನು ಹೇಳುವ ಭಾಗಕ್ಕೆ ವಿಶೇಷವಾದ ಲಕ್ಷಣವಿದೆ. ಶಾಸನದ ಭಾಷೆ ಸಂಸ್ಕೃತವಾಗಿದ್ದಾಗಲೂ ಎಲ್ಲೆಯನ್ನು ಹೇಳುವಾಗ ಅದು ಹಲವೊಮ್ಮೆ ಕನ್ನಡಕ್ಕೆ ಇಳಿಯುತ್ತದೆ. ದಾನಿಯ ವಂಶಾವಳಿಯನ್ನು ಸಂಸ್ಕೃತದಲ್ಲಿ ಹೊಗಳಬಹುದು. ಆದರೆ ಹುಣಿಸೆಯ ಮರ, ಹುತ್ತ, ಹಾಸುಬಂಡೆ, ಕೆರೆಯ ಕೋಡಿ, ನಟ್ಟ ಕಲ್ಲು, ಹಳ್ಳ ಕೂಡುವ ಜಾಗ ಇವುಗಳನ್ನು ಆ ಊರಿನವರ ಮಾತಿನಲ್ಲಿಯೇ ಹೇಳಬೇಕು. ಇಲ್ಲವಾದರೆ ಎಲ್ಲೆ ತಿಳಿಯುವುದಿಲ್ಲ. ಶಾಸನ ಬರೆದ ಕವಿಗೆ ಈ ಗುರುತುಗಳನ್ನು ತೋರಿಸಿಕೊಟ್ಟವರು ಸ್ಥಳದವರೇ ಆಗಿರಬೇಕು. ಶಾಸನದ ಈ ಭಾಗವನ್ನು ಜನಪದರ ಮೌಖಿಕ ಸಾಕ್ಷ್ಯದ ಬರಹರೂಪವೆಂದು ಕರೆಯಬಹುದು.

ಬರಹದ ಜೊತೆಗೆ ಕಲ್ಲುಗಳೂ ಮಾತನಾಡುತ್ತವೆ. ದತ್ತಿ ಬಿಟ್ಟ ಭೂಮಿಯ ಮೂಲೆಗಳಲ್ಲಿ ನಿಲ್ಲಿಸಿದ ಕಲ್ಲುಗಳ ಮೇಲಿನ ಮುದ್ರೆಯಿಂದ ಭೂಮಿ ಯಾರದೆಂದು ಅಕ್ಷರ ಬಾರದವರೂ ತಿಳಿಯುತ್ತಿದ್ದರು. ಕೊಡೆ ಕಮಂಡಲು ಹಿಡಿದ ವಾಮನನ ಕಲ್ಲು ಬ್ರಾಹ್ಮಣರಿಗೆ ಬಿಟ್ಟ ಭೂಮಿಯನ್ನೂ, ಲಿಂಗಮುದ್ರೆಯ ಕಲ್ಲು ಶಿವಾಲಯದ ಭೂಮಿಯನ್ನೂ, ಚಕ್ರಮುದ್ರೆಯ ತಿರುವಾಳಿಕಲ್ಲು ವಿಷ್ಣು ದೇವಾಲಯದ ಭೂಮಿಯನ್ನೂ, ಮುಕ್ಕೊಡೆಯ ಕಲ್ಲು ಬಸದಿಯ ಭೂಮಿಯನ್ನೂ ಸೂಚಿಸುತ್ತವೆ. ಎಲ್ಲೆ ಮೀರಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ತಗಲುವುದೆಂಬ ಶಾಪಾಶಯವು ಈ ಕಲ್ಲುಗಳಿಗೆ ಕಾವಲಾಗಿತ್ತು.

ಈ ಪದ್ಧತಿಯ ಮುಂದುವರಿಕೆಯನ್ನು ಇಂದಿನ ಕ್ರಯಪತ್ರಗಳಲ್ಲಿಯೂ ನೋಡಬಹುದು. ಸರ್ವೆ ನಂಬರು, ವಿಸ್ತೀರ್ಣ ಬರೆದ ಮೇಲೂ ಪತ್ರದಲ್ಲಿ ಚೆಕ್ಕುಬಂದಿ ಬರೆಯದಿದ್ದರೆ ರೈತನಿಗೆ ಸಮಾಧಾನವಿಲ್ಲ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿಜಾಡು, ದಕ್ಷಿಣಕ್ಕೆ ಸರ್ಕಾರಿ ಖರಾಬು ಎಂಬ ಈ ನಿರೂಪಣೆ ಶಾಸನಗಳ ಚತುಸ್ಸೀಮೆಯ ನೇರ ವಾರಸುದಾರ. ಬರಹದಲ್ಲಿ ಪೂರ್ವ, ಪಶ್ಚಿಮ ಎಂದಿದ್ದರೂ ಹೊಲದಲ್ಲಿ ನಿಂತು ಹೇಳುವಾಗ ಮೂಡಲು, ಪಡುವಲು ಎಂಬ ದೇಸಿ ಮಾತುಗಳೇ ಬರುತ್ತವೆ. ಕುಣಿಗಲ್ ಕೆರೆಯನ್ನು ಕುರಿತ ಹೆಸರಾಂತ ಜನಪದ ಗೀತೆ ಕೆರೆಯ ಹೆಸರಿನ ಹಿಂದೆ ದಿಕ್ಕನ್ನು ಸೇರಿಸಿಯೇ ಅದನ್ನು ಕರೆಯುತ್ತದೆ. ಈ ಸೀಮೆಯ ಬಯಲಾಟ ಮೂಡಲಪಾಯವೆಂದು ದಿಕ್ಕಿನಿಂದಲೇ ಹೆಸರು ಪಡೆದಿದೆ. ದಿಕ್ಕು ಜನಪದರಿಗೆ ಅಳತೆಯ ಸಾಧನ ಮಾತ್ರವಲ್ಲ, ಗುರುತಿನ ಭಾಗ.

ಆಚರಣೆಯಲ್ಲಿ ಎಲ್ಲೆ

ಕಲ್ಲು ನೆಟ್ಟ ಮಾತ್ರಕ್ಕೆ ಊರಿನ ಎಲ್ಲೆ ಸ್ಥಿರವಾಗುವುದಿಲ್ಲ. ಅದನ್ನು ಮತ್ತೆ ಮತ್ತೆ ನಡೆದು, ನೆನೆದು, ಪೂಜಿಸಿ ಹೊಸತು ಮಾಡಬೇಕಾಗುತ್ತದೆ. ಇದಕ್ಕೆ ಸಂಬಂಧಿಸಿದ ಮುಖ್ಯ ಆಚರಣೆಗಳು ನಾಲ್ಕು.

ಮೊದಲನೆಯದು ಕರುಗಲ್ಲಿನ ಪೂಜೆ. ಊರಬಾಗಿಲಿನ ಬಳಿ ನೆಟ್ಟ ಈ ಕಲ್ಲಿಗೆ ದನಕರುಗಳಿಗೆ ರೋಗ ಬಂದಾಗ ವಿಶೇಷ ಪೂಜೆ ಸಲ್ಲುತ್ತದೆ. ಊರಿನೊಳಕ್ಕೆ ಬರುವ ಒಳಿತು ಕೆಡುಕುಗಳೆರಡಕ್ಕೂ ಅದು ಬಾಗಿಲು ಎಂಬುದು ನಂಬಿಕೆ.

ಎರಡನೆಯದು ಚರಗ ಚೆಲ್ಲುವುದು. ಮಾರಿಹಬ್ಬದಲ್ಲಿ ಬಲಿಯ ರಕ್ತ ಬೆರೆಸಿದ ಅನ್ನವನ್ನು ರಾತ್ರಿಯ ಹೊತ್ತು ಊರಿನ ಎಲ್ಲೆಯ ಉದ್ದಕ್ಕೂ ಚೆಲ್ಲುತ್ತಾ ಹೋಗುತ್ತಾರೆ. ಚರಗ ಬಿದ್ದಷ್ಟು ನೆಲ ದೇವಿಯ ರಕ್ಷಣೆಗೆ ಸೇರಿದ ನೆಲ. ಅಕ್ಕಪಕ್ಕದ ಊರಿನವರು ಚರಗವನ್ನು ಅಪಹರಿಸಿದರೆ ಬೆಳೆಯ ಸಮೃದ್ಧಿಯೂ ಅವರ ಪಾಲಾಗುವುದೆಂದು ನಂಬುವ ಕಡೆ, ಆ ರಾತ್ರಿ ಎಲ್ಲೆಯಲ್ಲಿ ಕಾವಲು ನಿಲ್ಲುವ ರೂಢಿಯೂ ಇದೆ. ಊರಿನ ಸುತ್ತಳತೆಯನ್ನು ಕಾಲಿನಿಂದ ನಡೆದು ದೃಢಪಡಿಸುವ ಕೆಲಸ ಹೀಗೆ ಹಬ್ಬದ ರೂಪದಲ್ಲಿ ನಡೆಯುತ್ತದೆ.

ಮೂರನೆಯದು ಮಾರಿಯನ್ನು ಗಡಿ ದಾಟಿಸುವುದು. ಸಾಂಕ್ರಾಮಿಕ ರೋಗ ಕಾಣಿಸಿಕೊಂಡಾಗ ದೇವಿಯ ಪ್ರತೀಕದೊಂದಿಗೆ ಹಳೆಯ ಮೊರ, ಪೊರಕೆ, ಮಡಕೆಗಳನ್ನು ಮೆರವಣಿಗೆಯಲ್ಲಿ ಒಯ್ದು ಮುಂದಿನ ಊರಿನ ಎಲ್ಲೆಯಲ್ಲಿ ಬಿಟ್ಟು ಬರುತ್ತಾರೆ. ಆ ಊರಿನವರು ಅದನ್ನು ತಮ್ಮ ಮತ್ತೊಂದು ಎಲ್ಲೆಗೆ ಸಾಗಿಸುತ್ತಾರೆ. ಊರಿಂದೂರಿಗೆ ಸಾಗುವ ಈ ದಾರಿಯಲ್ಲಿ ಎಲ್ಲ ಊರುಗಳ ಗಡಿಬಿಂದುಗಳೂ ಒಂದು ಸರದಲ್ಲಿ ಪೋಣಿಸಿಕೊಳ್ಳುತ್ತವೆ.

ನಾಲ್ಕನೆಯದು ಹೊರಬೀಡು. ಊರಿಗೆ ಕೇಡು ಬಂದಿತೆಂದು ತಿಳಿದಾಗ ನಿಶ್ಚಯಿಸಿದ ದಿನ ಇಡೀ ಊರು ದನಕರುಗಳ ಸಮೇತ ಎಲ್ಲೆಯ ಹೊರಗೆ ಬಿಡಾರ ಹೂಡುತ್ತದೆ. ಊರಬಾಗಿಲಿಗೆ ಮುಳ್ಳು ಬಡಿಯುತ್ತಾರೆ. ಹೊರಗೇ ಅಡುಗೆ, ಹೊರಗೇ ಊಟ. ಹೊತ್ತು ಇಳಿದ ಮೇಲೆ ಪೂಜೆ ಮಾಡಿ ಊರನ್ನು ಮತ್ತೆ ಹೊಗುತ್ತಾರೆ. ಒಂದು ದಿನದ ಮಟ್ಟಿಗೆ ಊರಿನೊಳಗೆ ಯಾರೂ ಇಲ್ಲ, ಎಲ್ಲರೂ ಹೊರಗಿನವರೇ. ಒಳಗು ಹೊರಗುಗಳ ಭೇದ ಶಾಶ್ವತವೆಂದು ಭಾವಿಸಿದ ಸಮಾಜವೊಂದು ತಾನೇ ಒಮ್ಮೆ ಹೊರಗೆ ನಿಂತು ನೋಡುವ ಈ ಆಚರಣೆಗೆ ಮುಂದಿನ ವಿವೇಚನೆಯಲ್ಲಿ ಮಹತ್ತ್ವವಿದೆ.

ಎಲ್ಲೆಯನ್ನು ಬಲ್ಲವನು

ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯಲ್ಲಿ ಪಟೇಲ, ಶಾನುಭೋಗರ ಜೊತೆಗೆ ತೋಟಿ, ತಳವಾರ, ನೀರಗಂಟಿ ಮೊದಲಾದ ಕೆಳಹಂತದ ಚಾಕರಿಗಳಿದ್ದವು. ಲೆಕ್ಕ ಶಾನುಭೋಗನ ಕಡತದಲ್ಲಿತ್ತು. ಎಲ್ಲೆಯ ಅರಿವು ಮಾತ್ರ ಬಹುಮಟ್ಟಿಗೆ ಹೊಲೆಯ ಸಮುದಾಯದ ಕುಳವಾಡಿಯ ನೆನಪಿನಲ್ಲಿತ್ತು.

ಜೆ.ಎಸ್.ಎಫ್. ಮೆಕೆಂಝಿ ಎಂಬ ಅಧಿಕಾರಿ 1873ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಮೈಸೂರು ಸೀಮೆಯ ಕುಳವಾಡಿಯ ಬಗೆಗೆ ಬರೆದ ಟಿಪ್ಪಣಿ ಈ ವಿಷಯದಲ್ಲಿ ಬೆಲೆಯುಳ್ಳದ್ದು. ಎರಡು ಊರುಗಳ ನಡುವೆ ಎಲ್ಲೆಯ ವ್ಯಾಜ್ಯ ಬಂದಾಗ ಪ್ರಮಾಣ ಮಾಡಿ ಹೇಳುವ ಅರ್ಹತೆ ಕುಳವಾಡಿಗೆ ಮಾತ್ರ ಇತ್ತು. ಅವನು ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಎಲ್ಲೆಯ ಗುಂಟ ನಡೆಯಬೇಕು. ನಡೆದ ದಾರಿ ಸರಿಯಾಗಿದ್ದರೆ ಯಾವ ಬಾಧೆಯೂ ಇಲ್ಲ. ಅರಿಯದೆಯಾದರೂ ತನ್ನ ಊರಿನ ಎಲ್ಲೆಯನ್ನು ಮೀರಿದನೆಂದರೆ ಉಂಡೆ ತಾನಾಗಿಯೇ ಒಡೆಯುತ್ತದೆ, ಹದಿನೈದು ದಿನದೊಳಗೆ ಕುಳವಾಡಿ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬುದು ಅಂದಿನ ನಂಬಿಕೆ.

ಈ ಆಚರಣೆಯನ್ನು ಮೂಢನಂಬಿಕೆಯೆಂದು ಬದಿಗಿಡುವುದು ಸುಲಭ. ಆದರೆ ಅದರ ಒಳಗಿನ ವ್ಯವಸ್ಥೆ ಬೇರೆಯದನ್ನು ಹೇಳುತ್ತದೆ. ಎಲ್ಲೆಯ ಅರಿವು ಇಡೀ ಊರಿಗೆ ಪ್ರಯೋಜನಕ್ಕೆ ಬರುವಂಥದು. ಅದರ ಅಪಾಯ ಮಾತ್ರ ಒಬ್ಬನ ಜೀವದ ಮೇಲೆ, ಒಂದು ಮನೆಯ ಮೇಲೆ. ಊರಿನ ಮಣ್ಣನ್ನು ತಲೆಯ ಮೇಲೆ ಹೊರುವ ಅಧಿಕಾರವಿದ್ದವನಿಗೆ ಆ ಊರಿನ ನಡುವೆ ಮನೆ ಕಟ್ಟುವ ಅಧಿಕಾರವಿರಲಿಲ್ಲ. ಅವನ ಕೇರಿ ಊರಿಂದಾಚೆ. ಎಲ್ಲೆಯನ್ನು ಬಲ್ಲವನನ್ನು ಎಲ್ಲೆಯ ಆಚೆಗೆ ಇರಿಸಿದ ಈ ವೈರುಧ್ಯವೇ ಗ್ರಾಮದ ಗಡಿಕಲ್ಪನೆಯ ಮುಖ್ಯ ಸಂಗತಿ.

ಮೆಕೆಂಝಿ ಮತ್ತೊಂದು ಸಂಗತಿಯನ್ನೂ ದಾಖಲಿಸಿದ್ದಾರೆ. ಬ್ರಾಹ್ಮಣರು ಕೇರಿಯ ಮೂಲಕ ಹಾದುಹೋದರೆ ತಮಗೆ ಅದೃಷ್ಟ ಒಲಿಯುವುದೆಂದು ನಂಬಿದ್ದರಂತೆ; ಕೇರಿಯವರು ಇದಕ್ಕೆ ಒಪ್ಪದೆ, ಹಾಗೆ ಕಾಲಿಟ್ಟವರನ್ನು ಒಟ್ಟಾಗಿ ಬಂದು ಚಪ್ಪಲಿಯಿಂದ ಹೊಡೆದು ಅಟ್ಟುತ್ತಿದ್ದರಂತೆ. ಎಲ್ಲೆಯನ್ನು ಒಂದೇ ಕಡೆಯಿಂದ ಎಳೆದ ಗೆರೆಯೆಂದು ನೋಡುವ ಅಭ್ಯಾಸಕ್ಕೆ ಇದು ತಿದ್ದುಪಡಿ. ಹೊರಗಿರಿಸಲ್ಪಟ್ಟವರೂ ತಮ್ಮ ನೆಲೆಗೆ ಒಂದು ಎಲ್ಲೆಯನ್ನು ಕಟ್ಟಿಕೊಂಡಿದ್ದರು, ಅದನ್ನು ಕಾಯುತ್ತಿದ್ದರು.

ಮೋಜಣಿಯ ನಂತರ

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ ಕಾಲಿನ್ ಮೆಕೆಂಝಿಯ ನೇತೃತ್ವದಲ್ಲಿ ಮೈಸೂರು ಸಂಸ್ಥಾನದ ಮೋಜಣಿ ನಡೆಯಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ತ್ರಿಕೋನಮಿತಿಯ ಮೋಜಣಿಗೆ ತೊಡಗಿದ. 1863ರಲ್ಲಿ ಮೈಸೂರಿನಲ್ಲಿ ಕಂದಾಯ ಮೋಜಣಿ ಆರಂಭವಾಗಿ ಹಳ್ಳಿಹಳ್ಳಿಗೂ ಸರಪಳಿ ಬಂದಿತು. ಸರ್ವೆ ನಂಬರು, ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆ, ಬಾಂದುಕಲ್ಲುಗಳ ಹೊಸ ಲೋಕವೊಂದು ತೆರೆಯಿತು.

ಈ ಬದಲಾವಣೆಯಿಂದ ರೈತನಿಗೆ ಅನುಕೂಲವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಎಲ್ಲೆಯ ನಿರ್ಣಯ ಒಬ್ಬನ ಜೀವದ ಪಣದಿಂದ ಬಿಡುಗಡೆ ಹೊಂದಿತು. ವ್ಯಾಜ್ಯ ಬಂದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಬಹುದು. ಆದರೆ ಅರಿವಿನ ಒಡೆತನ ಕಾಲಿನಿಂದ ಕಾಗದಕ್ಕೆ ದಾಟಿತು. ಕುಳವಾಡಿ, ತೋಟಿಗಳು ಸರಪಳಿ ಹಿಡಿದವರಿಗೆ ಕಲ್ಲು ತೋರಿಸುವ ಸಹಾಯಕರಾದರು. ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮ 1961ರಲ್ಲಿ ಬಂದು, 1963ರಲ್ಲಿ ಜಾರಿಯಾದ ಮೇಲೆ ವಂಶಪಾರಂಪರ್ಯದ ಈ ಹುದ್ದೆಗಳು ಕೊನೆಗೊಂಡವು. ಚಾಕರಿಯ ಬಂಧನ ಕಳಚಿತು. ಅದರೊಡನೆ, ತಂದೆಯಿಂದ ಮಗನಿಗೆ ಎಲ್ಲೆಯನ್ನು ನಡೆದು ತೋರಿಸುವ ಕ್ರಮವೂ ನಿಂತಿತು.

ಕಂದಾಯ ದಾಖಲೆಗೂ ಜನವಸತಿಗೂ ಇರುವ ಅಂತರವನ್ನು ಎರಡು ಶಬ್ದಗಳು ಚೆನ್ನಾಗಿ ತೋರಿಸುತ್ತವೆ. ಒಂದು ಬೇಚರಾಕ್ ಗ್ರಾಮ. ಅಲ್ಲಿ ದೀಪ ಹಚ್ಚುವವರಿಲ್ಲ, ಆದರೂ ನಕಾಶೆಯಲ್ಲಿ ಅದಕ್ಕೆ ನಾಲ್ಕು ದಿಕ್ಕಿನ ಎಲ್ಲೆಯುಂಟು. ಮತ್ತೊಂದು ಹಟ್ಟಿ. ಅಲ್ಲಿ ತಲೆತಲಾಂತರದಿಂದ ಜನರಿದ್ದಾರೆ, ಆದರೆ ಬಹುಕಾಲ ಅದು ಕಂದಾಯ ಗ್ರಾಮವಾಗಿ ದಾಖಲಾಗದೆ ಬೇರೊಂದು ಊರಿನ ಎಲ್ಲೆಯೊಳಗೆ ಅನಾಮಿಕವಾಗಿ ಉಳಿಯಿತು. ಜನವಿಲ್ಲದ ಎಲ್ಲೆ ಒಂದು ಕಡೆ, ಎಲ್ಲೆಯಿಲ್ಲದ ಜನ ಇನ್ನೊಂದು ಕಡೆ. ಭೂಸುಧಾರಣಾ ಕಾಯ್ದೆಗೆ ಕಳೆದ ದಶಕದಲ್ಲಿ ಸೇರಿಸಿದ 38-ಎ ಪ್ರಕರಣವು ತಾಂಡ, ಗೊಲ್ಲರಹಟ್ಟಿ, ಹಾಡಿಗಳಂತಹ ದಾಖಲೆಯಿಲ್ಲದ ವಸತಿಗಳ ನಿವಾಸಿಗಳಿಗೆ ಮನೆಯ ನೆಲದ ಹಕ್ಕು ಕೊಡಲು ಅವಕಾಶ ಕಲ್ಪಿಸಿದೆ.

ಎಲ್ಲೆಯ ಆಚೆ ನಿಂತವರು

ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಹರಡಿರುವ ಕಾಡುಗೊಲ್ಲರ ಹಟ್ಟಿಗಳಲ್ಲಿ ಎಲ್ಲೆಯ ಕಲ್ಪನೆ ಇನ್ನಷ್ಟು ಬಿಗಿಯಾದುದು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯನ್ನು ಪವಿತ್ರವೆಂದು ನಡೆದುಕೊಳ್ಳುವ, ಜುಂಜಪ್ಪನಂತಹ ವೀರನ ಮೌಖಿಕ ಮಹಾಕಾವ್ಯವನ್ನು ಕಾಪಾಡಿಕೊಂಡು ಬಂದಿರುವ ಈ ಪಶುಪಾಲಕ ಸಮುದಾಯಕ್ಕೆ ಹಟ್ಟಿಯ ಸುತ್ತಣ ಮುಳ್ಳುಬೇಲಿ ಕುರಿದನಗಳ ರಕ್ಷಣೆಗಷ್ಟೇ ಅಲ್ಲ; ದೇವರು ನೆಲೆಸಿರುವ ಜಾಗದ ಮಡಿಗೂ ಅದೇ ಮೇರೆ. ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯನ್ನೂ ಹಸುಗೂಸಿನೊಡನೆ ಈ ಮೇರೆಯ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ರೂಢಿ ಇದರಿಂದ ಬಂದುದು.

ಇದು ಜಾನಪದದ ಸೊಗಸಿನ ಪಟ್ಟಿಗ�� ಸೇರಿಸಿ ಮುಂದೆ ಸಾಗುವ ವಿಷಯವಲ್ಲ. 2023ರ ಜುಲೈ ತಿಂಗಳ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹಾಗೆ ಹೊರಗಿರಿಸಿದ್ದ ಹಸುಗೂಸು ತೀರಿಕೊಂಡಿತು. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಹೊರಗಿಡುವಂತೆ ಬಲವಂತ ಮಾಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ನಿರ್ಮೂಲನಾ ಅಧಿನಿಯಮ ಅದಾಗಲೇ ಅಪರಾಧವೆಂದು ಸಾರಿತ್ತು. ಕಾನೂನು ಇದ್ದೂ ಬೇಲಿ ಗಟ್ಟಿಯಾಗಿ ನಿಂತಿತ್ತು. ಬೇಲಿಯ ಒಳಗಿರುವವರಿಗೆ ಅದು ಕೇವಲ ರೂಢಿಯಾಗಿರದೆ, ಮೀರಿದರೆ ಇಡೀ ಹಟ್ಟಿಗೆ ಕೇಡೆಂಬ ಭಯವಾಗಿರುವುದೇ ಇದಕ್ಕೆ ಕಾರಣ. ಕುಳವಾಡಿಯ ತಲೆಯ ಮೇಲಿನ ಮಣ್ಣಿನ ಉಂಡೆಯಲ್ಲಿಯೂ ಇದೇ ಭಯವಿತ್ತು. ಎಲ್ಲರ ಕ್ಷೇಮಕ್ಕೆಂದು ಎಳೆದ ಎಲ್ಲೆಯ ಭಾರ ಎರಡೂ ಕಡೆ ದುರ್ಬಲರ ಮೇಲೆಯೇ ಬಿದ್ದಿದೆ.

ಆದರೂ ಸಂಪ್ರದಾಯದ ಒಳಗಿನಿಂದಲೇ ಬದಲಾವಣೆಗೆ ದಾರಿಯಿಲ್ಲವೆಂದು ಹೇಳಲಾಗದು. ಮೇಲೆ ವಿವರಿಸಿದ ಹೊರಬೀಡಿನಲ್ಲಿ ಊರು ತನ್ನ ಎಲ್ಲೆಯನ್ನು ಒಂದು ದಿನದ ಮಟ್ಟಿಗೆ ತಾನೇ ತೆರವು ಮಾಡುತ್ತದೆ. ಕೇಡನ್ನು ಕಳೆಯಲು ಎಲ್ಲರೂ ಕೂಡಿ ಹೊರಗಾಗುವುದೂ ಒಂದು ಉಪಾಯವೆಂದು ಜನಪದರು ಬಲ್ಲರು. ಒಬ್ಬರನ್ನು ಹೊರಗೆ ಹಾಕುವುದೊಂದೇ ಮಾರ್ಗವಲ್ಲ ಎಂಬ ತಿಳಿವಳಿಕೆ ಆ ಆಚರಣೆಯಲ್ಲಿ ಅಡಗಿದೆ. ಸುಧಾರಣೆಯ ಮಾತನ್ನು ಹಟ್ಟಿಗಳಿಗೆ ತಲುಪಿಸುವವರಿಗೆ ಇದು ಉಪಯುಕ್ತ ಆಧಾರವಾಗಬಲ್ಲದು.

ಉಪಸಂಹಾರ

2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯ ಮೊದಲ ಹಂತದಲ್ಲಿಯೇ ಕರ್ನಾಟಕವೂ ಸೇರಿತ್ತು. ಊರೊಳಗಿನ ಮನೆ, ಹಿತ್ತಲುಗಳ ಎಲ್ಲೆಯನ್ನು ಡ್ರೋನ್ ಮೂಲಕ ಅಳೆಯುವ ಕಾರ್ಯ ಇದು. ಸರಪಳಿಯ ಮೋಜಣಿಯಲ್ಲಿ ಅಳತೆಗಾರ ಕುಳವಾಡಿಯನ್ನಾದರೂ ಕೇಳಬೇಕಾಗಿತ್ತು. ಮೇಲಿನಿಂದ ಚಿತ್ರ ತೆಗೆಯುವ ಯಂತ್ರಕ್ಕೆ ದಾರಿ ತೋರುವವರ ಅಗತ್ಯ ಇನ್ನೂ ಕಡಿಮೆ. ಅಳತೆ ನಿಖರವಾಗುತ್ತ ಹೋದಂತೆ ನೆನಪಿನ ಗುರುತುಗಳು ಬೇಗ ಮರೆಯಾಗುತ್ತವೆ. ಗಡಿಯ ಹುಣಿಸೆಮರ ಉರುಳಿದರೆ, ಕರುಗಲ್ಲು ರಸ್ತೆಯ ಅಗಲೀಕರಣದಲ್ಲಿ ಹೂತುಹೋದರೆ ಅದರ ಕಥೆಯೂ ಹೋಗುತ್ತದೆ.

ಆದ್ದರಿಂದ ಗ್ರಾಮಗಳ ಗಡಿಬಿಂದುಗಳ ಜಾನಪದೀಯ ಸಮೀಕ್ಷೆಯೊಂದು ತುರ್ತಾಗಿ ನಡೆಯಬೇಕಾಗಿದೆ. ಮುದ್ರೆಕಲ್ಲು, ಕರುಗಲ್ಲು, ಗಡಿದೇವತೆಗಳ ನೆಲೆ, ಚರಗದ ದಾರಿ, ಮಾರಿ ಸಾಗುವ ಹಾದಿ ಇವನ್ನು ಗ್ರಾಮ ನಕಾಶೆಯ ಮೇಲೆ ಗುರುತಿಸಿ, ಅವುಗಳ ಬಗೆಗಿನ ಹೇಳಿಕೆಗಳನ್ನು ದಾಖಲಿಸುವುದು ಮೊದಲ ಹೆಜ್ಜೆ. ಈ ಹೇಳಿಕೆಗಳನ್ನು ಊರಿನ ಮುಖಂಡರಿಂದಷ್ಟೇ ಪಡೆದರೆ ಅರ್ಧ ಎಲ್ಲೆ ಮಾತ್ರ ದೊರೆಯುತ್ತದೆ. ತೋಟಿ, ಕುಳವಾಡಿ, ನೀರಗಂಟಿ ಮನೆತನಗಳ ಹಿರಿಯರಿಂದ, ಕೇರಿಯವರಿಂದ, ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ದಿನ ಕಳೆದ ಹೆಣ್ಣುಮಕ್ಕಳಿಂದ ಕೇಳಿದಾಗ ಮಾತ್ರ ಅದು ಪೂರ್ಣವಾದೀತು.

ರಾಜ್ಯದ ತುದಿಗಳನ್ನು ಅಕ್ಷಾಂಶ ರೇಖಾಂಶಗಳಿಂದ ಹೇಳಬಹುದು. ಆ ಲೆಕ್ಕಕ್ಕೆ ಯಾರ ಸಾಕ್ಷ್ಯವೂ ಬೇಡ. ಊರಿನ ಎಲ್ಲೆ ಹಾಗಲ್ಲ. ಅದನ್ನು ನಡೆದವರು, ಹೊತ್ತವರು, ಅದರ ಹೊರಗೆ ನಿಂತವರು ಇದ್ದುದರಿಂದಲೇ ಅದು ಉಳಿದು ಬಂದಿದೆ. ಅವರ ಹೆಸರು ಚತುಸ್ಸೀಮೆಯ ಯಾವ ಶಾಸನದಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ಅದನ್ನು ದಾಖಲಿಸುವ ಹೊಣೆ ಈಗ ಜಾನಪದ ಅಧ್ಯಯನದ ಮೇಲಿದೆ.